ಹಂಪಮ್ಮ ಇಟ್ಟ ಚುಕ್ಕೆಗಳು

ಬೆಳಕು ಹರಿಯುವುದರೊಳಗೆ ಹಂಪಮ್ಮ ಮಾಡಿ ಮುಗಿಸಬೇಕಾದ ಕೆಲಸಗಳಿವು. ನಾಲ್ಕಕ್ಕೆ ಎದ್ದು ಓಣಿಯ ನಳದ ಮುಂದೆ ಕೊಡ ಇಟ್ಟು ಬರುವುದು. ಒಲೆಯ ಬೂದಿ ತೆಗೆಯುವುದು. ಹಿಟ್ಟು ನಾದಿ ಹನ್ನೊಂದು ರೊಟ್ಟಿ ಬಡಿಯುವುದು. ಗಂಡನಿಗೆ ಐದು, ಅತ್ತೆಗೆ ಎರಡು, ಮಗಳಿಗೆ ಎರಡು, ತನಗೆ ಎರಡು, ಅದರಲ್ಲೊಂದು ಸುಟ್ಟದ್ದು. ನಡುವೆ ನಳಕ್ಕೆ ಓಡಿ ಆರು ಕೊಡ ನೀರು ತುಂಬಿ ತರುವುದು. ಅತ್ತೆ ಬಂಡೆಮ್ಮ ರಾತ್ರಿಯೆಲ್ಲ ಉಗುಳಿದ ಡಬ್ಬಿಯನ್ನು ಗಟಾರಕ್ಕೆ ಚೆಲ್ಲಿ ತೊಳೆದಿಡುವುದು. ಅಕ್ಕಿ ಗಿರಣಿಯ ಕಾವಲು ಮುಗಿಸಿ ಬರುವ ಗಂಡ ದೊಡ್ಡಪ್ಪನಿಗೆ ಮೈತೊಳೆಯುವ ನೀರು ಒಲೆಗೇರಿಸಿ, ಮಗಳನ್ನು ಎಬ್ಬಿಸಿ ಅದರ ಮುಂದೆ ಕೂಡಿಸಿ, ಐದಕ್ಕೆ ಮನೆ ಬಿಡುವುದು. ಎರಡು ಓಣಿ ದಾಟಿದರೆ ಶರಣಯ್ಯ ಸಾಹೇಬರ ಮನೆ. ಅಲ್ಲಿ ಅಂಗಳ ಗುಡಿಸಿ ನೀರು ಹೊಡೆದು ರಂಗೋಲಿ ಹಾಕುವುದು. ರಾತ್ರಿಯ ಎಂಜಲು ಗಂಗಾಳಗಳನ್ನು ತಿಕ್ಕುವುದು. ಸಾಹೇಬರ ಪೂಜೆಯ ತಾಮ್ರದ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚಿ ಬೆಳಗುವುದು. ಶೇಂಗಾ ಕುಟ್ಟಿ ಚಟ್ನಿ ಮಾಡುವುದು. ಸಾಹೇಬರ ಧೋತರ, ಬನಿಯನ್ನು, ಒಳಚಡ್ಡಿ ಒಗೆದು ಹಾಕುವುದು. ಇಷ್ಟನ್ನೂ ಮಾಡುತ್ತಲೇ, ಕಂಪ್ಯೂಟರ್ ವಿಭಾಗದ ನಾಲ್ಕು ಹುಡುಗಿಯರಲ್ಲಿ ಇವತ್ತು ಯಾರು ಮುಟ್ಟಾಗಿರಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವುದು.

ಕೊನೆಯ ಕೆಲಸದ ಉತ್ತರಕ್ಕಾಗಿ ವಿಭಾಗದ ಮುಖ್ಯಸ್ಥರಾದ ಸಾಹೇಬರು ಕಾಯುತ್ತಿದ್ದರು.

"ಇವತ್ತ ಯಾರು, ಹಂಪವ್ವಾ?" ಎಂದು ಕೇಳುವಾಗ ಶರಣಯ್ಯನವರ ಬಾಯಿ ತುಂಬ ಒಗ್ಗರಣೆ ಮಂಡಾಳು ಇರುತ್ತಿತ್ತು. ಮೀಸೆಗೆ ಒಂದೆರಡು ಮಂಡಕ್ಕಿ ಕಾಳು ಅಂಟಿರುತ್ತಿದ್ದವು. ಹಣೆಯ ವಿಭೂತಿ ಇನ್ನೂ ಹಸಿ. ಪಕ್ಕದಲ್ಲಿ ಹೆಂಡತಿ ಗುರುಶಾಂತಮ್ಮ ಚಹಾದ ಬಟ್ಟಲು ಹಿಡಿದು ನಿಂತಿರುತ್ತಿದ್ದರು.

"ಗೋಪಮ್ಮ ಇರಬೇಕ್ರಿ, ಸಾಹೇಬ್ರ."

"ಇರಬೇಕು ಅಂದ್ರ? ಬಾಗಲ್ದಾಗ ನಿಲ್ಲಿಸಿ ಕೇಳು. ನಾಚಿಕಿ ಗೀಚಿಕಿ ಅನ್ಕೋತ ನಿಂತೀಗಿಂತಿ. ಲಕ್ಷಗಟ್ಟಲೆ ಕೊಟ್ಟು ತಂದ ಮಷೀನು ಅದು."

ಹೇಳಿ ಅವರು ಮತ್ತೊಂದು ಮುಷ್ಟಿ ಮಂಡಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಪರಹೆಣ್ಣುಮಕ್ಕಳ ಮೈಯ ರಕ್ತದ ಸುದ್ದಿ ಮಾತಾಡುತ್ತ ಇಷ್ಟು ರುಚಿಯಾಗಿ ತಿನ್ನುವ ಬಾಯನ್ನು ನೋಡಿದರೆ ಹಂಪಮ್ಮನಿಗೆ ಬೆಳಿಗ್ಗೆ ತಿಂದ ಸುಟ್ಟ ರೊಟ್ಟಿ ಗಂಟಲಿಗೆ ಬಂದಂತಾಗುತ್ತಿತ್ತು. ಆದರೆ ಆ ಬಾಯಿಯ ಒಂದು ಮಾತಿನ ಮೇಲೆ ಅವಳ ಎಂಟು ವರ್ಷ ನಿಂತಿದ್ದವು.

ಹಂಪಮ್ಮ ದೇವದುರ್ಗದವಳು. ಅಲ್ಲಿಯ ಸರಕಾರಿ ಶಾಲೆಯಲ್ಲಿ ಏಳನೆಯ ತರಗತಿ ಓದಿ, ಅಕ್ಷರ ದುಂಡಗೆ ಬರೆಯುತ್ತಾಳೆಂದು ಮಾಸ್ತರರಿಂದ ಹೊಗಳಿಸಿಕೊಂಡಿದ್ದವಳು. 1971ರಲ್ಲಿ, ಹದಿನಾರು ತುಂಬುವುದರೊಳಗೆ, ರಾಯಚೂರಿನ ದೊಡ್ಡಪ್ಪನಿಗೆ ಮದುವೆ ಮಾಡಿಕೊಟ್ಟರು. 1979ರಲ್ಲಿ ವಿಶ್ವವಿದ್ಯಾಲಯದ ಕಚೇರಿಯಲ್ಲಿ ದಿನಗೂಲಿಯ ಮೇಲೆ ಕಸ ಗುಡಿಸಲು ಸೇರಿದಳು. ಸೇರಿದವಳು ದಿನಗೂಲಿಯಲ್ಲೇ ಉಳಿದಳು. ಜೊತೆಗೆ ಸೇರಿದ ಗಂಡಸರು ಒಬ್ಬೊಬ್ಬರೇ ಖಾಯಂ ಆದರು. ಯಾವ ಸಾಹೇಬರಿಗೆ ಹೇಳಿದರೂ "ನಿನ್ನ ಗಂಡ ದುಡೀತಾನಲ್ಲ" ಎನ್ನುತ್ತಿದ್ದರು. ಈಗ 1987ರ ಮಾರ್ಚಿನಲ್ಲಿ, ಅವಳನ್ನು ಖಾಯಂ ಮಾಡಬಹುದೆಂದು ಶಿಫಾರಸು ಮಾಡುವ ಕಾಗದವೊಂದು ತಯಾರಾಗಿ ಶರಣಯ್ಯನವರ ಮೇಜಿನ ಖಾನೆಯಲ್ಲಿತ್ತು. ಅದಕ್ಕೆ ಬೇಕಾದದ್ದು ಅವರ ಒಂದು ಸಹಿ.

ಆ ಸಹಿಗಾಗಿ ಮನೆಯಲ್ಲಿ ಗಂಡನೂ ಕಾಯುತ್ತಿದ್ದ.

"ನಿನ್ನ ಆರ್ಡರ್ ಬಂದ ಮರುದಿನಾನೇ ನಾನು ಗಿರಣಿ ಬಿಡ್ತೀನಿ ನೋಡು" ಎನ್ನುತ್ತಿದ್ದ ದೊಡ್ಡಪ್ಪ, ಬಿಸಿನೀರು ಮೈಮೇಲೆ ಸುರಿದುಕೊಳ್ಳುತ್ತ. "ಹತ್ತು ವರ್ಷ ನಿದ್ದಿಗೆಟ್ಟೀನಿ. ಸಾಕು."

"ಬಿಟ್ಟು ಏನ್ ಮಾಡ್ತಿ?"

"ಮನಿಯಾಗ ಇರ್ತೀನಿ."

"ರೊಟ್ಟಿ ಬಡೀತೀಯೇನು?"

"ಏ, ಹೋಗಬೇ. ಗಂಡಸು ರೊಟ್ಟಿ ಬಡಿದ್ರ ಮಂದಿ ನಗಂಗಿಲ್ಲೇನು?" ಎಂದು ಅವನು ನಿಜವಾಗಿಯೂ ನಗುತ್ತಿದ್ದ. ಒಳಗಿನಿಂದ ಬಂಡೆಮ್ಮನೂ ಕೆಮ್ಮಿನ ನಡುವೆ ನಗುತ್ತಿದ್ದಳು.

ಕಂಪ್ಯೂಟರ್ ಬಂದದ್ದು ಹಿಂದಿನ ವರ್ಷ ಆಗಸ್ಟಿನಲ್ಲಿ. ವಿಶ್ವವಿದ್ಯಾಲಯದವರು ಊರ ಹೊರಗೆ ಒಂದು ಬಾಡಿಗೆ ಕಟ್ಟಡ ಹಿಡಿದು ಹೊಸ ವಿಭಾಗ ತೆರೆದು, ಹಂಪಮ್ಮನನ್ನು ಅಲ್ಲಿ ಕಸ ಗುಡಿಸಲು ಹಾಕಿದರು. ಹದಿನಾರು ವಿದ್ಯಾರ್ಥಿಗಳು, ಹನ್ನೆರಡು ಹುಡುಗರು, ನಾಲ್ಕು ಹುಡುಗಿಯರು. ಯಂತ್ರ ಎರಡೇ. ಗಣಿತ ಹೇಳುತ್ತಿದ್ದ ಶರಣಯ್ಯನವರು ಬೆಂಗಳೂರಿಗೆ ಹೋಗಿ ಮೂರು ವಾರ ತರಬೇತಿ ಪಡೆದು ಬಂದು ಮುಖ್ಯಸ್ಥರಾದರು. ಅವರಿಗೆ ಆ ಯಂತ್ರದ ಬಗ್ಗೆ ಇದ್ದದ್ದು ತಿಳಿವಳಿಕೆಯಲ್ಲ, ದಿಗಿಲು. ಕೀಲಿಮಣೆಯ ಮೇಲೆ ಅವರು ಬೆರಳಿಟ್ಟದ್ದನ್ನು ಹಂಪಮ್ಮ ಒಮ್ಮೆಯೂ ನೋಡಲಿಲ್ಲ. ದೂರ ನಿಂತು, ಕೈಕಟ್ಟಿಕೊಂಡು, ಗರ್ಭಗುಡಿಯ ಮುಂದೆ ನಿಂತವರಂತೆ ನೋಡುತ್ತಿದ್ದರು. ಚಪ್ಪಲಿ ಹೊರಗೆ ಬಿಡಬೇಕು. ಧೂಳಿಗೆ ಅದು ಸರಿಯೇ. ತಂಪಿನ ಯಂತ್ರ ಸದಾ ಓಡಬೇಕು. ರಾಯಚೂರಿನ ಬಿಸಿಲಿಗೆ ಅದೂ ಸರಿಯೇ. ಆದರೆ ಸಾಹೇಬರಿಗೆ ಅಷ್ಟು ಸಾಲಲಿಲ್ಲ.

ಆರಂಭದ ದಿನ ಕಾಯಿ ಒಡೆದು, ಎರಡೂ ಯಂತ್ರಗಳಿಗೆ ವಿಭೂತಿ ಹಚ್ಚಿ, ಹೂ ಇಟ್ಟು, ಊದುಬತ್ತಿ ಹಚ್ಚಿದರು. ಹಚ್ಚಿದ ಮೇಲೆ ಸಿಕ್ಕಿಸುವುದೆಲ್ಲಿ? ಸಾಹೇಬರು ಸುತ್ತ ನೋಡಿದರು. ಬಾಗಿಲ ಹತ್ತಿರದ ಯಂತ್ರದ ಮುಂಭಾಗದಲ್ಲಿ, ಕಪ್ಪು ತೆಳುಹಲಗೆಯಂಥ ಫ್ಲಾಪಿಯನ್ನು ಒಳಗೆ ತೂರಿಸಲೆಂದು ಮಾಡಿದ ಸಣ್ಣ ಸೀಳೊಂದಿತ್ತು. ಊದುಬತ್ತಿಗೆ ಹೇಳಿ ಮಾಡಿಸಿದ ಹಾಗಿತ್ತು. ನಾಲ್ಕು ಕಡ್ಡಿ ಅದರಲ್ಲಿ ಸಿಕ್ಕಿಸಿ ಕೈಮುಗಿದರು. ನೆರೆದವರೆಲ್ಲ ಕೈಮುಗಿದರು. ಹಂಪಮ್ಮನೂ ಮುಗಿದಳು.

ಮೂರನೆಯ ದಿನ ಆ ಯಂತ್ರ ಕರಕರ ಸದ್ದು ಮಾಡಿ ಕೆಟ್ಟು ನಿಂತಿತು. ಹೈದರಾಬಾದಿನಿಂದ ಇಂಜಿನಿಯರನೊಬ್ಬ ಬಂದ. ಬಿಚ್ಚಿದ. ಅರಳೆಯಿಂದ ಒಳಗೆಲ್ಲ ಒರೆಸಿದ. ಅರಳೆ ಬೂದುಬಣ್ಣಕ್ಕೆ ತಿರುಗಿತು. ಮೂಸಿ ನೋಡಿ ಅವನು ಬೆರಗಾದ. ನೆಲ ಒರೆಸುತ್ತಿದ್ದ ಹಂಪಮ್ಮನ ಕಡೆ ಬಗ್ಗಿ ತೆಲುಗಿನಲ್ಲಿ ಕೇಳಿದ: "ಇಂದುಲೋ ಊದುಬತ್ತಿ ಎವರು ಪೆಟ್ಟಾರಮ್ಮಾ?"

ಇದರೊಳಗೆ ಊದುಬತ್ತಿ ಇಟ್ಟವರು ಯಾರು. ರಾಯಚೂರಿನಲ್ಲಿ ಹದಿನೈದು ವರ್ಷ ಬಾಳಿದವಳಿಗೆ ಅಷ್ಟು ತೆಲುಗು ಅರ್ಥವಾಗುತ್ತಿತ್ತು. ಅವಳು ಬಾಗಿಲಲ್ಲಿ ನಿಂತ ಸಾಹೇಬರನ್ನು ನೋಡಿದಳು. "ನನಗ ಗೊತ್ತಿಲ್ರಿ" ಎಂದಳು. ಇಂಜಿನಿಯರನಿಗೆ ಸಂಜೆಯ ರೈಲಿತ್ತು, ಜಗಳ ಬೇಕಿರಲಿಲ್ಲ. ಸಾಹೇಬರಿಗೆ "ಡಸ್ಟ್ ಸರ್, ಡಸ್ಟ್" ಎಂದು ಹೇಳಿ, ಚಹಾ ಕುಡಿದು ಹೋದ.

ಧೂಳು ಎಲ್ಲಿಂದ ಬಂತು ಎಂದು ಸಾಹೇಬರು ರಾತ್ರಿಯೆಲ್ಲ ಯೋಚಿಸಿರಬೇಕು. ಮರುದಿನ ಹಂಪಮ್ಮನನ್ನು ಕರೆದು ದನಿ ತಗ್ಗಿಸಿದರು.

"ಧೂಳು ಗೀಳು ಏನಲ್ಲ ಅದು. ಹೆಣ್ಣುಡುಗ್ರು ಅದಾವಲ್ಲ ನಾಕು. ಯಾವಕಿನೋ ಹೊರಗಾದಕಿ ಬಂದು ಮುಟ್ಟ್ಯಾಳ. ಇನ್ಮ್ಯಾಲೆ ನೀನು ಬಾಗಲ್ದಾಗ ನಿಂತು ಕೇಳಬೇಕು. ಆ ದಿನದಾಗ ಇದ್ದಾಕಿನ್ನ ಒಳಗ ಬಿಡಬಾರದು. ರಜಿಸ್ಟರ್‌ನಾಗ ಹೆಸರಿನ ಮುಂದ ಒಂದು ಚುಕ್ಕಿ ಇಡು, ಸಾಕು. ಬರವಣಿಗಿ ಬ್ಯಾಡ."

ಹಂಪಮ್ಮ ಅವತ್ತು ಎದುರು ಮಾತಾಡಿದಳು. ಆಮೇಲೆ ಬಹಳ ದಿನ ಮತ್ತೆ ಆಡಲಿಲ್ಲ. "ಸಾಹೇಬ್ರ, ಲಿಂಗ ಕಟ್ಟಿದವರಿಗೆ ಮುಟ್ಟು ಮೈಲಿಗಿ ಇಲ್ಲಂತ ನಮ್ಮಮ್ಮ ದೇವದುರ್ಗದಾಗ ಹೇಳ್ತಿದ್ಲಲ್ರಿ. ನಿಮ್ಮ ಕೊರಳಾಗೂ ಲಿಂಗ ಅದ."

ಸಾಹೇಬರು ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಅಂಗಿಯೊಳಗೆ ಸರಿಸಿಕೊಂಡರು. "ಅದು ಮನುಷ್ಯಾರಿಗೆ. ಇದು ಮಷೀನು. ಇದಕ್ಕೇನು ಲಿಂಗದೀಕ್ಷಾ ಆಗ್ಯದೇನು?"

"ಹಂಗಾರ ನಾನು? ನಾನೂ ಹೆಣ್ಣ ಅಲ್ರಿ? ತಿಂಗಳಾ ಆಗ್ತೀನಿ. ದಿನಾ ಒರಸ್ತೀನಿ ಅದನ್ನ."

ಅವರು ಗಲಿಬಿಲಿಗೊಂಡರು. ನಾಲ್ಕು ದಿನ ಅವಳು ಬರದಿದ್ದರೆ ಕಸ ಹೊಡೆಯುವವರು ಯಾರು, ಬೆಳಿಗ್ಗೆ ಮನೆಯ ಗಂಗಾಳ ತಿಕ್ಕುವವರು ಯಾರು? "ನಿನಗ ನಡೀತದ ಬಿಡು" ಎಂದುಬಿಟ್ಟರು. ಗುಡಿಸುವ ಕೈಗೆ ಮೈಲಿಗೆಯಿಲ್ಲ, ಕಲಿಯುವ ಕೈಗಿದೆ ಎಂದಾಯಿತು.

ಈ ಸುದ್ದಿ ಗುರುಶಾಂತಮ್ಮನಿಗೆ ತಿಳಿದಾಗ ಅವರು ಹಿತ್ತಲಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು.

"ಅಮ್ಮಾರ, ನೀವು ಆ ದಿನದಾಗ ಒಳಗ ಅಡಗಿ ಮಾಡಂಗಿಲ್ಲೇನ್ರಿ?"

"ಮದುವಿಯಾಗಿ ಇಪ್ಪತ್ತೇಳು ವರ್ಷ ಆತು, ಒಂದು ದಿನ ಒಲಿ ಬಿಟ್ಟು ಎದ್ದಿಲ್ಲ. ನಾನು ಹೊರಗ ಕುಂತ್ರ ಇವರಿಗೆ ಬಿಸಿರೊಟ್ಟಿ ಯಾರು ಹಾಕ್ಬೇಕು? ಅದಕ್ಕ ನಮ್ಮ ಮನಿಯಾಗ ಶರಣರ ಪದ್ಧತಿ." ಗುರುಶಾಂತಮ್ಮ ಎಣ್ಣೆಗೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. "ಆ ಮಷೀನು ರೊಟ್ಟಿ ತಿನ್ನಂಗಿದ್ರ ಅದಕ್ಕೂ ಮೈಲಿಗಿ ಇರ್ತಿದ್ದಿಲ್ಲ ನೋಡು."

ನಕ್ಕವರು ಗಂಡನಿಗೆ ಒಂದು ಮಾತೂ ಹೇಳಲಿಲ್ಲ. ಹಂಪಮ್ಮ ತಾನೂ ಹೇಳಲಿಲ್ಲವಲ್ಲ ಎಂದು ಅವರ ಮೇಲೆ ಸಿಟ್ಟಾಗಲಿಲ್ಲ.

ಅವಳು ಮಾಡಿದ್ದು ಬೇರೆ. ಪ್ರತಿ ಸೋಮವಾರ ಸಾಹೇಬರು ಯಂತ್ರಕ್ಕೆ ಪೂಜೆ ಮಾಡುತ್ತಿದ್ದರು. ಅವರು ಬರುವ ಮೊದಲೇ ಅವಳು ಯಂತ್ರದಿಂದ ಮಾರು ದೂರದ ಸ್ಟೂಲಿನ ಮೇಲೆ ಒಂದು ಬಾಳೆಹಣ್ಣು ಇಟ್ಟುಬಿಡುತ್ತಿದ್ದಳು. ಊದುಬತ್ತಿಯನ್ನು ಬಾಳೆಹಣ್ಣಿಗೆ ಚುಚ್ಚುವುದು ಎಲ್ಲರ ಮನೆಯಲ್ಲೂ ಇರುವುದೇ. ಸಾಹೇಬರ ಕೈ ತಾನಾಗಿ ಅತ್ತ ಹೋಗುತ್ತಿತ್ತು. ಬೂದಿ ಸ್ಟೂಲಿನ ಮೇಲೆ ಬೀಳುತ್ತಿತ್ತು. ವಿಭೂತಿಯನ್ನು ಅವಳು ಹಸಿ ಬಟ್ಟೆಯಿಂದ ಒರೆಸುತ್ತಿದ್ದಳು. ಆರು ತಿಂಗಳು ಯಂತ್ರ ಕೆಮ್ಮಲಿಲ್ಲ.

"ನೋಡಿದ್ರೇನ್ರಿ?" ಎಂದು ಸಾಹೇಬರು ಬೇರೆ ಮಾಸ್ತರರ ಮುಂದೆ ಹೇಳಿಕೊಳ್ಳುತ್ತಿದ್ದರು. "ಒಂದು ಕಟ್ಟುನಿಟ್ಟು ಹಾಕೀನಿ. ಆವತ್ತಿಂದ ಒಂದು ದಿನ ಕೆಟ್ಟಿಲ್ಲ."

ಹುಡುಗಿಯರಿಗೆ ಬೆಳಗಿನ ಎಂಟರಿಂದ ಹತ್ತು ಎರಡು ತಾಸು. ಆಮೇಲೆ ಇಡೀ ದಿನ ಹುಡುಗರದು. ಬಾಗಿಲ ಹತ್ತಿರದ ಯಂತ್ರದಲ್ಲಿ ಎಂಟರಿಂದ ಒಂಬತ್ತು ಕುಬ್ರಾ ಬೇಗಂಳ ಪಾಳಿ.

ಕುಬ್ರಾ ಮಾನ್ವಿಯ ಬಟ್ಟೆ ವ್ಯಾಪಾರಿ ಸತ್ತಾರ್ ಸಾಬರ ಮಗಳು. ಐದೂವರೆಯ ಬಸ್ಸಿಗೆ ಮಾನ್ವಿ ಬಿಟ್ಟು, ಬುರ್ಖಾದ ತುಂಬ ಧೂಳು ಹೊತ್ತು ಬರುತ್ತಿದ್ದಳು. ಬಸ್ಸಿಗೆ ಮೊದಲು ಮೂವರು ಅಣ್ಣಂದಿರ ಅಂಗಿ ಇಸ್ತ್ರಿ ಮಾಡಿಟ್ಟು ಬರಬೇಕು. ಕಾಲೇಜಿಗೆ ಕಳಿಸಲು ಮನೆಯವರು ಹಾಕಿದ ಕರಾರು ಅದು. ಬಾಗಿಲಲ್ಲಿ ಹಂಪಮ್ಮ ಮೊದಲ ಸಲ ಆ ಪ್ರಶ್ನೆ ಕೇಳಿದಾಗ ಅವಳು ಅರ್ಥವಾಗದೆ ನಿಂತಳು. ಅರ್ಥವಾದಾಗ ಕಿವಿಯವರೆಗೆ ಕೆಂಪಾದಳು.

"ಕ್ಯಾ? ಯಾರು ಹೇಳಿದ್ರು ಕೇಳಾಕ?"

"ಸಾಹೇಬ್ರು."

"ನಮ್ಮ ಮನಿಯಾಗ ಆವತ್ತ ನಮಾಜ್ ಒಂದ ಬಿಡ್ತೀವಿ, ಹಂಪಕ್ಕಾ. ರೊಟ್ಟಿ ಬಿಡಂಗಿಲ್ಲ, ಇಸ್ತ್ರಿ ಬಿಡಂಗಿಲ್ಲ. ಇದು ಯಾವ ಮಸೀದಿ ಐತಿ?"

"ನನಗೇನು ಕೇಳ್ತಿಯವ್ವಾ. ಹೌದೋ ಅಲ್ಲೋ ಹೇಳು."

ಕುಬ್ರಾ ಸುಳ್ಳು ಹೇಳುವುದನ್ನು ಇನ್ನೂ ಕಲಿತಿರಲಿಲ್ಲ. ಹೌದು ಎಂದಳು. ಹೊರಗಿನ ಮೆಟ್ಟಿಲ ಮೇಲೆ ಒಂದು ತಾಸು ಕೂತಳು. ಒಳಗೆ ಅವಳ ಯಂತ್ರ ಖಾಲಿ ಇತ್ತು. ಸ್ವಲ್ಪ ಹೊತ್ತಿಗೆ ಹುಡುಗನೊಬ್ಬ ಬಂದು, "ಯಾಕ, ಖಾಲಿ ಅದ ಏನು?" ಎಂದು ಒಳಹೋಗಿ ಕೂತ. ಅವನಿಗೆ ಒಂದು ತಾಸು ಹೆಚ್ಚಾಯಿತು. ಕುಬ್ರಾಳ ಹೆಸರಿನ ಮುಂದೆ ಹಂಪಮ್ಮ ಚುಕ್ಕೆ ಇಟ್ಟಳು.

ಚುಕ್ಕೆಗಳು ತುಂಬುತ್ತ ಹೋದವು. ಹುಡುಗಿಯರ ತಿಂಗಳ ತಾರೀಕುಗಳು ಅವರ ತಾಯಂದಿರಿಗಿಂತ ಹಂಪಮ್ಮನಿಗೆ ಚೆನ್ನಾಗಿ ಗೊತ್ತಾದವು. ಹುಡುಗರಿಗೂ ಗೊತ್ತಾಯಿತು. ಮೆಟ್ಟಿಲ ಮೇಲೆ ಕೂತ ಹುಡುಗಿಯನ್ನು ದಾಟುವಾಗ ಒಬ್ಬ ಮೂಗು ಮುಚ್ಚಿಕೊಳ್ಳುತ್ತಿದ್ದ, ಇನ್ನೊಬ್ಬ ಸೀಟಿ ಹಾಕುತ್ತಿದ್ದ. ದಿನವೂ ನಾಲ್ಕು ಸಲ ಆ ಪ್ರಶ್ನೆ ಕೇಳಿ ಕೇಳಿ ಹಂಪಮ್ಮನಿಗೆ ತನ್ನ ನಾಲಿಗೆಯೇ ಅತ್ತೆಯ ಡಬ್ಬಿಯ ಹಾಗೆ ಅನ್ನಿಸುತ್ತಿತ್ತು. ನಳದ ಮುಂದೆ ಎಷ್ಟು ಸಲ ಬಾಯಿ ಮುಕ್ಕಳಿಸಿದರೂ ಹೋಗುತ್ತಿರಲಿಲ್ಲ.

ಫೆಬ್ರವರಿಯ ಕೊನೆಗೆ ಗೋಡೆಯ ಮೇಲೆ ಒಂದು ನೋಟಿಸು ಬಂತು. ಹೈದರಾಬಾದಿನ ಒಂದು ದೊಡ್ಡ ಕಾರ್ಖಾನೆ ತನ್ನ ಕಂಪ್ಯೂಟರ್ ಕೇಂದ್ರಕ್ಕೆ ಆರು ಜನರನ್ನು ತೆಗೆದುಕೊಳ್ಳುತ್ತದೆ. ವರ್ಷದ ತರಬೇತಿ, ಆಮೇಲೆ ಕೆಲಸ. ಹೆಣ್ಣುಮಕ್ಕಳಿಗೆ ಅಲ್ಲೇ ವಸತಿಗೃಹ. ಮಾರ್ಚ್ ಮೂರನೆಯ ಸೋಮವಾರ ಬೆಳಿಗ್ಗೆ ಅಧಿಕಾರಿಯೊಬ್ಬರು ಬಂದು ಪರೀಕ್ಷೆ ನಡೆಸುತ್ತಾರೆ. ಯಂತ್ರದ ಮುಂದೆ ನೂರು ತಾಸು ಕೆಲಸ ಮಾಡಿದವರು ಮಾತ್ರ ಕೂಡಬಹುದು. ವಿಭಾಗದ ರಜಿಸ್ಟರನ್ನು ಅಧಿಕಾರಿ ಸ್ವತಃ ನೋಡುತ್ತಾರೆ.

ಹನ್ನೆರಡು ಹುಡುಗರಲ್ಲಿ ಹನ್ನೊಂದು ಜನಕ್ಕೆ ನೂರು ಎಂದೋ ದಾಟಿತ್ತು. ಮೂವರು ಹುಡುಗಿಯರು ಎಣಿಸಿ ನೋಡಿ, ಆಗುವುದಿಲ್ಲವೆಂದು ಸುಮ್ಮನಾದರು. ಕುಬ್ರಾಗೆ ಎಂಬತ್ತನಾಲ್ಕು ಆಗಿತ್ತು. ರಜೆ ಬಿಟ್ಟು ಉಳಿದ ದಿನ ಹದಿನಾರು.

"ಒಂದು ದಿನಾನೂ ಬಿಡಬಾರದು, ಹಂಪಕ್ಕಾ. ಒಂದು ಬಿಟ್ರ ಮುಗೀತು" ಎಂದಳು ಕುಬ್ರಾ, ಚಪ್ಪಲಿ ಬಿಡುತ್ತ, ತಲೆ ಎತ್ತದೆ. "ನಡುವ ನನ್ನ ತಾರೀಕು ಬರ್ತಾವ. ನಿಮಗ ಗೊತ್ತೇ ಅದ."

"ಗೊತ್ತದ."

"ಇದು ಸಿಗಲಿಲ್ಲ ಅಂದ್ರ ಮತ್ತ ಮಾನ್ವಿ. ಮತ್ತ ಅದೇ ಇಸ್ತ್ರಿಪೆಟ್ಟಿಗಿ. ಈಗ ಮೂರು ಅಂಗಿ. ಅಣ್ಣಾರಿಗೆ ಮಕ್ಕಳಾದ ಮ್ಯಾಲೆ ಎಂಟೋ ಹತ್ತೋ."

ತಾರೀಕು ಬಂದ ಬುಧವಾರ ಬೆಳಿಗ್ಗೆ, ಹಂಪಮ್ಮ ಬಾಗಿಲಲ್ಲಿ ಎಂದಿನ ಪ್ರಶ್ನೆ ಕೇಳಿದಳು. ಕುಬ್ರಾ ಕಣ್ಣಿಗೆ ಕಣ್ಣಿಟ್ಟು "ಇಲ್ಲ" ಎಂದಳು. ಅವಳ ಮುಖ ಬಿಳಿಚಿತ್ತು, ಕೈ ಕಿಬ್ಬೊಟ್ಟೆಯ ಮೇಲಿತ್ತು. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

"ಹೋಗು" ಎಂದಳು ಹಂಪಮ್ಮ.

ತೊಂಬತ್ತೇಳು ಆಯಿತು. ಉಳಿದದ್ದು ಗುರುವಾರ, ಶುಕ್ರವಾರ, ಶನಿವಾರ.

ಗುರುವಾರ ಹಂಪಮ್ಮ ಬೀಗ ತೆಗೆಯುವ ಹೊತ್ತಿಗೆ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಊದುಬತ್ತಿಯ ಪಾಕೀಟು. ಕಾರ್ಖಾನೆಯವರು ಬರುತ್ತಾರೆ, ಎಲ್ಲ ಸುಸೂತ್ರ ಆಗಲಿ ಎಂದು ವಿಶೇಷ ಪೂಜೆಯಂತೆ. ಸೋಮವಾರವಲ್ಲ, ಹಂಪಮ್ಮನ ಬಳಿ ಬಾಳೆಹಣ್ಣಿರಲಿಲ್ಲ. ಸಾಹೇಬರು ಐದು ಕಡ್ಡಿ ಹಚ್ಚಿದರು, ಸುತ್ತ ನೋಡಿದರು, ಬಾಗಿಲ ಹತ್ತಿರದ ಯಂತ್ರದ ಸೀಳಿನಲ್ಲಿ ಸಿಕ್ಕಿಸಿದರು.

ಬ್ಯಾಡ್ರಿ ಎಂಬ ಮಾತು ಹಂಪಮ್ಮನ ಹಲ್ಲಿನ ಹಿಂದೆ ಬಂದು ನಿಂತಿತು. ಮೇಜಿನ ಖಾನೆಯಲ್ಲಿನ ಕಾಗದವೂ ಅಷ್ಟೇ ಹತ್ತಿರದಲ್ಲಿತ್ತು. ಹೇಳಿದರೆ, ನಿನಗೆ ಹೇಗೆ ಗೊತ್ತು, ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಅವಳು ಬಾಯಿ ಮುಚ್ಚಿಕೊಂಡು ನಿಂತಳು. ಸಾಹೇಬರು ಕಣ್ಣುಮುಚ್ಚಿ ನಿಂತಷ್ಟು ಹೊತ್ತು ಬೂದಿ ಮೆಲ್ಲಗೆ ಸೀಳಿನೊಳಗೆ ಉದುರುತ್ತಿತ್ತು. ಅವರು ಹೊರಟ ಕೂಡಲೇ ಕಡ್ಡಿ ಕಿತ್ತು, ಸೆರಗಿನ ತುದಿ ನೀವಿ ಸೀಳಿನಲ್ಲಿ ತೂರಿಸಿ ಒರೆಸಿದಳು. ಎಷ್ಟು ಒಳಗೆ ಹೋಗಿತ್ತೋ.

ಎಂಟೂವರೆಗೆ, ಕುಬ್ರಾಳ ಬೆರಳುಗಳ ಕೆಳಗೇ, ಯಂತ್ರ ಕರಕರ ಎಂದು ನಿಂತಿತು.

ಸಾಹೇಬರು ಬಂದರು. ಯಂತ್ರವನ್ನು ನೋಡಲಿಲ್ಲ; ಕುಬ್ರಾಳ ಮುಖ ನೋಡಿದರು. ಅವಳು ಕುರ್ಚಿಯಿಂದ ಏಳಲು ಹೆದರಿ ಕೂತಿದ್ದಳು. ಯಾಕೆಂದು ಹಂಪಮ್ಮನಿಗೆ ತಿಳಿಯಿತು. ಸಾಹೇಬರಿಗೂ ತಿಳಿಯಿತು. ಅವರು ಕುರ್ಚಿಯ ಕಡೆ ಬಗ್ಗಿ ನೋಡಿದ ರೀತಿ, ಸಂತೆಯಲ್ಲಿ ದನದ ಹಿಂಭಾಗ ನೋಡುವವರ ರೀತಿ.

"ಏಳು" ಎಂದರು.

ಹಂಪಮ್ಮ ನಡುವೆ ಹೋಗಿ ನಿಂತು, ನೆಲ ಒರೆಸುವ ಬಟ್ಟೆಯನ್ನು ಕುರ್ಚಿಯ ಮೇಲೆ ಎಳೆದು, ಹುಡುಗಿಯನ್ನು ಹೆಗಲು ಹಿಡಿದು ಹೊರಗೆ ನಡೆಸಿದಳು. ನಳದ ಹತ್ತಿರ ಕುಬ್ರಾ ಅಳಲಿಲ್ಲ, ವಾಂತಿ ಮಾಡಿಕೊಂಡಳು. "ನಾನು ಕೆಡಿಸಿದ್ನೇನು, ಹಂಪಕ್ಕಾ? ಖರೇ ಹೇಳ್ರಿ. ನನ್ನಿಂದ ಕೆಟ್ಟಿತೇನು?" ಎಂದು ಕೇಳಿದಳು. ಕಂಪ್ಯೂಟರಿನ ಭಾಷೆ ಕಲಿತ ಹುಡುಗಿ, ಎಲ್ಲಕ್ಕೂ ಕಾರಣ ಹುಡುಕುವವಳು, ಅದನ್ನು ಕೇಳಿದಳು. ಆರು ತಿಂಗಳಲ್ಲಿ ಆ ಬಾಗಿಲು ಅವಳಿಗೆ ಅಷ್ಟನ್ನು ಕಲಿಸಿತ್ತು. ಕಲಿಸಿದವಳು ಹಂಪಮ್ಮ.

"ಅಲ್ಲ. ನಿನ್ನಿಂದಲ್ಲ" ಎಂದಳು. ಊದುಬತ್ತಿಯ ಮಾತು ಎತ್ತದೆ, ನಳ ತಿರುಗಿಸಿ ಅವಳ ಮುಖ ತೊಳೆಸಿದಳು.

ಶುಕ್ರವಾರ, ಶನಿವಾರ ಕುಬ್ರಾಳನ್ನು ಒಳಗೆ ಬಿಡಲಿಲ್ಲ. ಶನಿವಾರ ಸಂಜೆ ಸಾಹೇಬರು ಹಂಪಮ್ಮನನ್ನು ಕೋಣೆಗೆ ಕರೆದು ಎರಡು ಕಾಗದ ಮೇಜಿನ ಮೇಲಿಟ್ಟರು. ಒಂದು ಅವಳದೇ ಶಿಫಾರಸು. ಸಹಿ ಇನ್ನೂ ಆಗಿರಲಿಲ್ಲ. ಇನ್ನೊಂದು ಅವಳ ಹೇಳಿಕೆ. ಅವರೇ ಬರೆದಿದ್ದರು. ವಿದ್ಯಾರ್ಥಿನಿ ಕುಬ್ರಾ ಬೇಗಂ ಸತ್ಯ ಮುಚ್ಚಿಟ್ಟು, ವಿಭಾಗದ ಶಿಸ್ತು ಮೀರಿ, ನನ್ನ ಕಣ್ತಪ್ಪಿಸಿ ಒಳಗೆ ಪ್ರವೇಶಿಸಿದ್ದರಿಂದ ಯಂತ್ರಕ್ಕೆ ಹಾನಿಯಾಗಿದೆ. ಮುಟ್ಟು ಎಂಬ ಮಾತು ಎಲ್ಲೂ ಇರಲಿಲ್ಲ. ದಿನಾ ಮಂಡಾಳಿನ ಜೊತೆ ಬಾಯಲ್ಲಿ ಆಡುತ್ತಿದ್ದ ಮಾತನ್ನು ಕಾಗದದ ಮೇಲೆ ಬರೆಯಲು ಅವರಿಗೆ ನಾಚಿಕೆಯಾಗಿತ್ತು.

"ಆಕಿ ಸುಳ್ಳು ಹೇಳ್ಯಾಳೋ ಇಲ್ಲೋ?" ಎಂದರು.

"ಹೇಳ್ಯಾಳ್ರಿ."

"ಒಳಗ ಬಂದಾಳೋ ಇಲ್ಲೋ?"

"ಬಂದಾಳ್ರಿ."

"ಮತ್ತ? ಖರೇದಕ್ಕ ಸಹಿ ಮಾಡಾಕ ಏನು ಕಷ್ಟ? ಮೇಲಿನವರಿಗೆ ನಾನು ಲೆಕ್ಕ ಕೊಡಬೇಕು. ಒಂದೇ ಮಷೀನು ತೋರಿಸಿ ನಾ ಮರ್ಯಾದಿ ಕಳಕ್ಕೊಳ್ಲೇನು? ಸೋಮವಾರ ನಾನು ಮನಿಯಾಗ ಪೂಜಿ ಮುಗಿಸಿ ಒಂಬತ್ತೂವರೆಗೆ ಬರ್ತೀನಿ. ಅಷ್ಟರಾಗ ಸಹಿ ಮಾಡಿಡು. ಆಮ್ಯಾಲೆ ನಾನು ಇದಕ್ಕ ಮಾಡ್ತೀನಿ" ಎಂದು ಶಿಫಾರಸಿನ ಮೇಲೆ ಬೆರಳು ಕುಟ್ಟಿದರು. "ಆಫೀಸರು ಎಂಟರ ರೈಲಿಗೆ ಇಳದು ಸೀದಾ ಬರ್ತಾರ. ಚಹಾ ಮಾಡಿ ಕೊಡು. ಹುಡುಗೇರು ಗೈರುಹಾಜರಿ ಭಾಳ ಅಂತ ನಾನು ಆಗಲೇ ತಿಳಿಸೀನಿ."

ಹೇಳಿಕೆಯ ಕಾಗದವನ್ನು ಅವಳ ಕೈಗೆ ಕೊಟ್ಟರು. ಶಿಫಾರಸನ್ನು ಖಾನೆಗೆ ಹಾಕಿ ಬೀಗ ಹಾಕಿಕೊಂಡರು.

ಮನೆಯಲ್ಲಿ ದೊಡ್ಡಪ್ಪನಿಗೆ ಎಲ್ಲ ಹೇಳಿದಳು, ಊದುಬತ್ತಿಯನ್ನೂ ಬಿಡದೆ. ಅವನು ಗಿರಣಿಗೆ ಹೊರಡುತ್ತ ಕಾಲಿಗೆ ಚಪ್ಪಲಿ ಹಾಕುತ್ತಿದ್ದ.

"ಇದರಾಗ ಯೋಚನಿ ಏನದ? ಆ ಹುಡುಗಿ ನಿನಗ ಏನಾಗಬೇಕು? ಸಾಬರ ಹುಡುಗಿ, ಇವತ್ತಲ್ಲ ನಾಳಿ ಮದುವಿ ಮಾಡಿ ಕಳಿಸ್ತಾರ. ಸಹಿ ಮಾಡಿ ಬಾ."

"ತಪ್ಪು ಆಕಿದಲ್ಲ."

"ತಪ್ಪು ಯಾರದೇ ಇರ್ಲಿ, ಎಂಟು ವರ್ಷ ನಿಂದು" ಎಂದ. ಅದು ಸುಳ್ಳಾಗಿರಲಿಲ್ಲ. ಅದಕ್ಕೇ ಅವಳಿಗೆ ಅವನ ಮೇಲೆ ಹೆಚ್ಚು ಅಸಹ್ಯವಾಯಿತು.

ಭಾನುವಾರ ಮಧ್ಯಾಹ್ನ, ಸೋಮವಾರಕ್ಕಾಗಿ ಕೋಣೆ ತೊಳೆಯಲು ಹಂಪಮ್ಮ ಒಬ್ಬಳೇ ವಿಭಾಗಕ್ಕೆ ಬಂದಳು. ನೆಲ ತೊಳೆದಳು, ಕಿಟಕಿ ಒರೆಸಿದಳು. ಕುಬ್ರಾ ಕೂತಿದ್ದ ಕುರ್ಚಿಯ ಬಟ್ಟೆಯನ್ನು ತಣ್ಣೀರಿನಲ್ಲಿ ತಿಕ್ಕಿ ಬಿಸಿಲಿಗಿಟ್ಟಳು. ತನ್ನ ಲಂಗದ ಕಲೆ ತಿಕ್ಕುವುದಕ್ಕಿಂತ ಅದೇನೂ ಬೇರೆಯಾಗಿರಲಿಲ್ಲ. ಆಮೇಲೆ ಮೇಜಿನ ಮುಂದೆ, ಹುಡುಗರು ಕೂಡುವ ಕುರ್ಚಿಯಲ್ಲಿ ಕೂತಳು. ಒಂದು ಕಡೆ ಹೇಳಿಕೆಯ ಕಾಗದ, ಇನ್ನೊಂದು ಕಡೆ ರಜಿಸ್ಟರು.

ಹೇಳಿಕೆಯನ್ನು ಮೂರು ಸಲ ಓದಿದಳು. ಕೊನೆಯ ಒಂದು ಮಾತು ಬಿಟ್ಟರೆ ಬಹುಪಾಲು ನಿಜವೇ. ಅಷ್ಟೊಂದು ನಿಜವನ್ನು ಸೇರಿಸಿ ಇಷ್ಟು ದೊಡ್ಡ ಸುಳ್ಳು ಕಟ್ಟಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಸಹಿ ಮಾಡದೆ ಸುಮ್ಮನಿದ್ದರೆ? ಖಾಯಂ ಆಗುವುದಿಲ್ಲ, ಅಷ್ಟೇ. ಕುಬ್ರಾಗೂ ಅದರಿಂದ ಏನೂ ಸಿಗುವುದಿಲ್ಲ. ಅವಳ ಹೆಸರಿನ ಮುಂದೆ ಚುಕ್ಕೆಗಳಿದ್ದವು. ಅಧಿಕಾರಿಯ ಕಣ್ಣಿಗೆ ಅವು ಗೈರುಹಾಜರಿ. ಬಾರದ ಹುಡುಗಿ.

ಆ ಚುಕ್ಕೆಗಳನ್ನು ಇಟ್ಟವರು ಸಾಹೇಬರಲ್ಲ.

ರಜಿಸ್ಟರಿನ ಹಾಳೆಗಳಿಗೆ ಅಂಕಿಯಿತ್ತು, ಪ್ರತಿ ಹಾಳೆಗೂ ವಿಶ್ವವಿದ್ಯಾಲಯದ ಮುದ್ರೆಯಿತ್ತು. ಯಾರೇ ಹರಿದರೂ ತಿಳಿಯುತ್ತದೆ. ಎಂಟರ ರೈಲಿಗೆ ಬರುವವರಿಗೆ ಬಾಗಿಲು ತೆಗೆಯುವವಳು ತಾನು. ಒಂಬತ್ತೂವರೆಯವರೆಗೆ ಸಾಹೇಬರ ಪೂಜೆ ಮುಗಿಯುವುದಿಲ್ಲ. ಅವಳು ಅದನ್ನೆಲ್ಲ ಒಂದೊಂದಾಗಿ ಯೋಚಿಸಿದಳು. ಮಗಳ ಬಗ್ಗೆ ಯೋಚಿಸಿದಳು. ಮತ್ತೆ ಯಾವ ಮನೆಯ ಗಂಗಾಳ ತಿಕ್ಕಲು ಹೋಗಬೇಕಾದೀತು ಎಂದೂ ಯೋಚಿಸಿದಳು. ರಾಯಚೂರಿನಲ್ಲಿ ಎಂಜಲು ಗಂಗಾಳಗಳಿಗೆ ಬರವಿರಲಿಲ್ಲ.

ಸೆಪ್ಟೆಂಬರಿನ ಹಾಳೆ ತೆರೆದಳು. ಕುಬ್ರಾಳ ಮೊದಲ ಚುಕ್ಕೆ. ಅದರ ಪಕ್ಕದಲ್ಲಿ, ದೇವದುರ್ಗದ ಮಾಸ್ತರರು ಮೆಚ್ಚಿದ ದುಂಡಕ್ಷರದಲ್ಲಿ ಬರೆದಳು: "ಬಂದಿದ್ದಳು. ಮುಟ್ಟಾಗಿದ್ದಾಳೆಂದು ಬಾಗಿಲಲ್ಲಿ ತಡೆದವಳು ನಾನು. ಮುಖ್ಯಸ್ಥರ ಅಪ್ಪಣೆ." ಎರಡನೆಯ ಚುಕ್ಕೆಗೆ ಬಂದಳು. ಮತ್ತೆ ಅದನ್ನೇ ಬರೆದಳು. ಕುಬ್ರಾಳವು ಇಪ್ಪತ್ತಮೂರು. ಉಳಿದ ಮೂವರವೂ ಇದ್ದವು, ಅವನ್ನೂ ಬಿಡಲಿಲ್ಲ. ಎಲ್ಲ ಮುಗಿಯುವಷ್ಟರಲ್ಲಿ ಬೆರಳು ಜೋಮುಗಟ್ಟಿತು. ಗುರುವಾರದ ಸಾಲಿಗೆ ಬಂದಾಗ ಸ್ವಲ್ಪ ಹೊತ್ತು ಪೆನ್ನು ಎತ್ತಿ ಹಿಡಿದಳು. ಇದನ್ನು ಬರೆದರೆ ಆಗಸ್ಟಿನಲ್ಲಿ ಇಂಜಿನಿಯರನಿಗೆ ತಾನು ಹೇಳಿದ್ದು ಸುಳ್ಳೆಂದೂ ಬರೆದಂತೆ.

ಬರೆದಳು: "ಮುಟ್ಟಾಗಿದ್ದಳು. ಗೊತ್ತಿದ್ದು ಒಳಗೆ ಬಿಟ್ಟೆ. ಅದಕ್ಕೆ ಮೊದಲು ಮುಖ್ಯಸ್ಥರು ಯಂತ್ರದ ಸೀಳಿನಲ್ಲಿ ಊದುಬತ್ತಿ ಹಚ್ಚಿಟ್ಟರು. ಆಗಸ್ಟಿನಲ್ಲೂ ಹೀಗೇ ಕೆಟ್ಟಿತು. ಎರಡು ಸಲವೂ ನೋಡಿ ಸುಮ್ಮನಿದ್ದೆ."

ಕೆಳಗೆ ತನ್ನ ಹೆಸರು, ಗಂಡನ ಹೆಸರಿಲ್ಲದೆ, ಪೂರ್ತಿ ಬರೆದು ತಾರೀಕು ಹಾಕಿದಳು.